ಎಂಗೇಜ್ ಟೋನು

ಮನೆಗೆ ಇದ್ದದ್ದು ಒಂದೇ ಫೋನು. ಅದರ ತಂತಿಯನ್ನು ಮೋಡೆಮ್ಮಿಗೆ ಸಿಕ್ಕಿಸಿ, ಊರಿಗೆ ನೀರು ಕೊಡುವ ದೂರದ ಪಂಪ್‌ಹೌಸಿನ ಕಂಪ್ಯೂಟರಿನೊಳಗೆ ಹೊಕ್ಕು ಕೂತಿದ್ದಳು ಅವಳು. ನೀರಿಗೆ ಔಷಧಿ ಬೆರೆಸುವ ಪ್ರೋಗ್ರಾಂ ಕೆಟ್ಟು ನಿಂತಿತ್ತು. ಸಂಜೆ ಐದಕ್ಕೆ ನೀರು ಬಿಡುವುದರೊಳಗೆ ಹೊಸದನ್ನು ಕಳಿಸದಿದ್ದರೆ ಊರಿಗೆಲ್ಲ ಹೊಲಸು ನೀರೇ ಗತಿ. ಅತ್ತ ಅಣ್ಣ ಬೇರೆ ಊರಿನ ಆಸ್ಪತ್ರೆಯಲ್ಲಿ ಕೊನೆಯ ಉಸಿರು ಎಳೆಯುತ್ತಿದ್ದ. ಏನೇ ಆದರೂ ಇದೇ ನಂಬರಿಗೆ ಫೋನ್ ಮಾಡುತ್ತೇನೆ ಅಂದಿದ್ದಳು ನರ್ಸ್.

ಆ ಲೈನೋ, ಆಮೆಗೇ ಅಪ್ಪ! ಒತ್ತಿದ್ದು ಪರದೆಯ ಮೇಲೆ ಮೂಡಲು ಐದಾರು ಸೆಕೆಂಡು. ಈ ಕೆಲಸ ಕಲಿಸಿದ ಅಣ್ಣ ಮೊದಲ ದಿನವೇ ತಲೆಗೆ ಮೊಟಕಿದ್ದ: "ಒಂದು ಸಲ ಒತ್ತು, ಕೈ ಕಟ್ಕೊಂಡು ಕೂತ್ಕೋ. ಆತುರಗಾರನಿಗೆ ಬುದ್ಧಿ ಮಟ್ಟ ಕಣೇ."

ಮುಕ್ಕಾಲು ಪ್ರೋಗ್ರಾಂ ಹೋಗಿ ಲೈನು ತಡವರಿಸಿತು. ಮುಂದುವರಿಸು ಎಂದು ಒತ್ತಿದಳು. ಪರದೆ ಮಿಸುಕಲಿಲ್ಲ. ಅಣ್ಣನ ಮುಖ ಕಣ್ಣಿಗೆ ಕಟ್ಟಿ, ಹಾಳು ಬೆರಳು ಇನ್ನೊಮ್ಮೆ ಒತ್ತಿಬಿಟ್ಟಿತು. ಪರದೆಗೆ ಇನ್ನೂ ಬಂದು ಮುಟ್ಟಿರದ 'ಎಲ್ಲ ಅಳಿಸಿ ಮೊದಲಿಂದ ಶುರುಮಾಡಲೇ?' ಎಂಬ ಪ್ರಶ್ನೆಗೆ ಅದೇ ಒಪ್ಪಿಗೆಯೆಂದು ತಿಳಿಯಿತು ಆ ಯಂತ್ರ. ಮತ್ತೆ ಮುಕ್ಕಾಲು ಗಂಟೆ ಕೆಲಸ.

"ಲೈನ್ ಕಟ್ ಮಾಡೇ. ಆಸ್ಪತ್ರೆಯಿಂದ ಫೋನ್ ಬರ್ತಿದ್ರೆ?" ಅಂದ ಗಂಡ.

"ಕಟ್ ಮಾಡಿದ್ರೆ ಐದರೊಳಗೆ ಮುಗಿಯಲ್ಲ ರೀ." ತನ್ನ ಕೈಯನ್ನು ತಾನೇ ಶಪಿಸಿಕೊಂಡು ಕೂತಳು.

ಐದಕ್ಕೆ ಹತ್ತು ನಿಮಿಷ ಇರುವಾಗ ಮುಗಿಯಿತು. ತಂತಿ ಕಿತ್ತು ಫೋನಿಗೆ ಸಿಕ್ಕಿಸಿದ್ದೇ ತಡ, ಗಂಟೆ ಹೊಡೆಯಿತು.

"ಅರ್ಧ ಗಂಟೆಯಿಂದ ಮಾಡ್ತಾನೇ ಇದೀನಮ್ಮ," ನರ್ಸಿನ ದನಿ ಇಳಿದಿತ್ತು. "ನಿಮ್ಮಣ್ಣ ಈಗ್ತಾನೆ ಹೋಗ್ಬಿಟ್ರು. ನಿಮ್ ಜೊತೆ ಮಾತಾಡ್ಬೇಕು ಅಂದಿದ್ರು."

"ಅಯ್ಯೋ, ಕೈಯಾರೆ ನಾನೇ ತಡ ಮಾಡಿದೆ!" ಅಂದಳು.

"ಯಾವಾಗ ಮಾಡಿದ್ರೂ ಎಂಗೇಜ್. ಇಡೋಕೆ ಹೋದ್ರೆ ರಿಸೀವರ್ ಕಿವಿಗಿಟ್ಕೊಂಡು ಬಿಡ್ಲೇ ಇಲ್ಲ ಅವರು. 'ಇಡಬೇಡಿ, ನನ್ ತಂಗಿ ಲೈನಲ್ಲೇ ಇದ್ದಾಳೆ, ಕೆಲಸ ನಡೀತಿದೆ. ಎರಡು ಸಲ ಒತ್ತಿರ್ತಾಳೆ ಕತ್ತೆ, ಅದಕ್ಕೇ ತಡ' ಅಂತ ನಕ್ರು. ಆ ಸದ್ದು ಕೇಳ್ತಾ ಕೇಳ್ತಾನೇ..."

ನರ್ಸ್ ಫೋನ್ ಇಟ್ಟ ಮೇಲೂ ಅವಳು ರಿಸೀವರನ್ನು ಕಿವಿಯಿಂದ ತೆಗೆಯಲಿಲ್ಲ. ಅಡುಗೆಮನೆಯ ನಲ್ಲಿಯಲ್ಲಿ ನೀರು ಬಂತು. ಗಂಡ ಹೋಗಿ ಬಿಂದಿಗೆ ಹಿಡಿದ.