ಎಸಿ ಬೇಡವೆಂದ ಎಂಜಿನಿಯರ್

ಹಲಸೂರಿನ ಹಳೆಯ ಸರ್ಕಾರಿ ವಾಚನಾಲಯಕ್ಕೆ ಎಸಿ ಬೇಡವೆಂದವಳು ಸಂಹಿತಾ. ಸರ್ಕಾರಿ ಕಟ್ಟಡಗಳಲ್ಲಿ ಕರೆಂಟು ಉಳಿಸುವ ದಾರಿ ಹುಡುಕುವುದು ಅವಳ ಕೆಲಸ. ಪಾರಿವಾಳದ ಕಾಟಕ್ಕೆ ಹಲಗೆ ಬಡಿದಿದ್ದ ಗವಾಕ್ಷಿಗಳನ್ನು ತೆರೆದು ಬಲೆ ಹಾಕಿದರೆ, ತಾರಸಿಗೆ ಬಿಳಿ ಸುಣ್ಣ ಬಳಿದು ಪಡುವಣ ಕಿಟಕಿಗಳ ಹೊರಗೆ ಬಿದಿರಿನ ತಟ್ಟಿ ಕಟ್ಟಿದರೆ ಸಾಕು ಎಂದಳು.

ಗ್ರಂಥಪಾಲಕಿ ಯಶೋದಮ್ಮ ಎಲ್ಲ ಕೇಳಿಸಿಕೊಂಡು ಸೆರಗಿನಿಂದ ಕತ್ತು ಒರೆಸಿಕೊಂಡರು.

"ನಿಮ್ಮ ಆಫೀಸಲ್ಲಿ ಎಸಿ ಇದ್ಯಾ ಮೇಡಂ?"

"ಇದೆ."

"ಹಂಗಾದ್ರೆ ಇಲ್ಲಿ ಕೂತ್ಕೊಂಡು ಕೆಲ್ಸ ಮಾಡಿ ನೋಡಿ. ಆಮೇಲೆ ಬೇಡ ಅನ್ನಿ."

ಸಂಹಿತಾಗೆ ಸಿಟ್ಟು ಬಂತು. ಮಾತು ನ್ಯಾಯವಾಗಿದ್ದುದರಿಂದ ಇನ್ನಷ್ಟು ಬಂತು. ಗವಾಕ್ಷಿ, ಸುಣ್ಣ, ತಟ್ಟಿಯ ಕೆಲಸವೆಲ್ಲ ಮುಗಿದ ಮೇಲೆ, ಏಪ್ರಿಲ್ ಬಿಸಿಲಲ್ಲಿ, ಲ್ಯಾಪ್‌ಟಾಪ್ ಹಿಡಿದು ಮೆಟ್ರೋ ಇಳಿದು ಬಂದಳು. ಪರೀಕ್ಷೆಗೆ ಓದುವವರ ಉದ್ದ ಮೇಜಿನ ತುದಿಯಲ್ಲಿ ಜಾಗ ಹಿಡಿದಳು.

ಬೆಳಿಗ್ಗೆ ಹಿತವಾಗಿತ್ತು. ಕಿಟಕಿಯಿಂದ ನುಗ್ಗಿದ ಗಾಳಿ ಮೇಲಿನ ಗವಾಕ್ಷಿಯಿಂದ ಹೊರಬೀಳುತ್ತಿತ್ತು. ಊಟದ ಹೊತ್ತಿಗೆ ಹೊರಗೆ ಒಂದೆಲೆಯೂ ಅಲ್ಲಾಡದಂತಾಯಿತು. ಅವಳು ತಂದಿದ್ದ ಉಷ್ಣಮಾಪಕವೇನೋ ಹಿಂದಿಗಿಂತ ಮೂರ್ನಾಲ್ಕು ಡಿಗ್ರಿ ಕಡಿಮೆಯನ್ನೇ ತೋರಿಸುತ್ತಿತ್ತು, ಆದರೆ ಅಂಗೈಯ ಬೆವರಿಗೆ ಕೀಬೋರ್ಡು ಜಾರುತ್ತಿತ್ತು. ಓದುವವರು ಒಬ್ಬೊಬ್ಬರಾಗಿ ಪುಸ್ತಕ ಮಡಚಿ ಎದ್ದರು. ಯಶೋದಮ್ಮ ಒಂದು ಲೋಟ ಮಜ್ಜಿಗೆ ತಂದು ಅವಳ ಮುಂದಿಟ್ಟರು.

ಮಜ್ಜಿಗೆ ಕುಡಿಯಲು ತಲೆ ಎತ್ತಿದಾಗ ಫ್ಯಾನುಗಳು ಕಂಡವು. ಎತ್ತರದ ಸೂರಿಗೆ ಅಂಟಿಕೊಂಡಂತೆ ತಿರುಗುತ್ತಿದ್ದವು. ಗಾಳಿ ಕೆಳಗೆ ಕೂತವರನ್ನು ಮುಟ್ಟುತ್ತಲೇ ಇರಲಿಲ್ಲ. ಇಷ್ಟು ಸಲ ಬಂದು ಅಳೆದು ಹೋಗಿದ್ದಳು. ನಿಂತು ಅಳೆದಿದ್ದಳು, ಕೂತಿರಲಿಲ್ಲ.

"ಸೆಕೆ ಆಗ್ತಿದೆ ಯಶೋದಮ್ಮ," ಎಂದಳು.

"ಆಗತ್ತೆ ಮತ್ತೆ."

"ಫ್ಯಾನ್ ಇಳಿಸ್ಬೇಕು. ಉದ್ದದ ರಾಡ್ ಹಾಕ್ಸಿ, ಕಮ್ಮಿ ಕರೆಂಟು ತಿನ್ನೋ ಫ್ಯಾನ್ ತರಿಸ್ತೀನಿ. ಅಲ್ಲೀವರೆಗೂ ಇಲ್ಲೇ ಕೂತ್ಕೋತೀನಿ."

ಫ್ಯಾನು ಬರುವವರೆಗೆ ಅವಳು ಅಲ್ಲೇ ಬೆವರಿದಳು. ಪಡುವಣ ಗೋಡೆಗೆ ಒರಗಿದ್ದ ಯಶೋದಮ್ಮನ ಮೇಜನ್ನು ಇಬ್ಬರೂ ಎಳೆದು ಬಡಗಣ ಕಿಟಕಿಯ ಬಳಿ ಹಾಕಿದರು.

ಕೆಳಗಿಳಿದ ಹೊಸ ಫ್ಯಾನುಗಳಿಂದಾಗಿ ಮೇ ತಿಂಗಳಲ್ಲಿ ಮಧ್ಯಾಹ್ನವೂ ಕುರ್ಚಿಗಳು ಖಾಲಿಯಾಗಲಿಲ್ಲ. "ಎಸಿ ಇದ್ದಿದ್ರೆ ಇನ್ನೂ ಚೆನ್ನಾಗಿರೋದು," ಎಂದರು ಯಶೋದಮ್ಮ. "ಹೌದು," ಎಂದಳು ಸಂಹಿತಾ. ಹಾರುವ ಹಾಳೆಗಳ ಮೇಲಿಡಲು ಇಬ್ಬರೂ ಅಂಗಳದಲ್ಲಿ ಕಲ್ಲು ಆಯುತ್ತಿದ್ದರು.