ಎದುರಂಗಡಿಯ ಮಾತು

ಪಟಗಳಿಗೆ ಕಟ್ಟು ಹಾಕುವವಳಿಗೆ ಹುಟ್ಟಿನಿಂದ ಬಂದ ಚಟವೆಂದರೆ ಕೆದಕಿ ಕೇಳುವುದು. ಫೋಟೋಗೆ ಕಟ್ಟು ಹಾಕಿಸಲು ಬಂದವರ ಬಾಯಿ ಬಿಡಿಸಿ, ಪಟದಲ್ಲಿರುವ ಚಿಕ್ಕಪ್ಪ ಯಾಕೆ ಮುಖ ಗಂಟಿಕ್ಕಿಕೊಂಡಿದ್ದಾನೆ ಎಂದು ತಿಳಿಯುವ ತನಕ ಅವಳ ಸುತ್ತಿಗೆ ಮೊಳೆಗೆ ತಾಗುತ್ತಿರಲಿಲ್ಲ. ಅಂಥವಳಿಗೂ ತಾನು ಹೊಸದಾಗಿ ಅಂಗಡಿ ಇಟ್ಟ ಈ ಬೀದಿಯ ಜನರ ರೀತಿ ತಲೆಗೆ ಹತ್ತಲಿಲ್ಲ.

ನಗರಸಭೆ ಆ ದಿಬ್ಬದ ರಸ್ತೆಯನ್ನು ಒಮ್ಮುಖ ಮಾಡಲು ಹೊರಟಿತ್ತು. ವಾಹನಗಳು ಮೇಲಕ್ಕೆ ಹೋದರೆ ಬಸ್ಸು ಈಗಿನಂತೆ ಅವಳ ಅಂಗಡಿಯ ಮುಂದೆಯೇ ನಿಲ್ಲುತ್ತದೆ. ಕೆಳಕ್ಕೆ ಹೋದರೆ ಎದುರು ಸಾಲಿನಲ್ಲಿ. ಬಸ್ಸಿಗೆ ಕಾಯುವವರು ಬೇಸರಕ್ಕೆ ಅವಳ ಗಾಜಿನೊಳಗೆ ಇಣುಕಿ, ಮರುದಿನ ಮನೆಯ ಪಟ ಹಿಡಿದು ಬರುತ್ತಿದ್ದರು. ಅವಳ ವ್ಯಾಪಾರವೆಂದರೆ ಅದೇ. ಅವಳದೂ ತಮ್ಮನದೂ ಎರಡು ಸಂಸಾರ ಅದರ ಮೇಲೆ ನಿಂತಿತ್ತು. ಹಾಗಾಗಿ ಅಂಗಡಿಯವರ ಅಭಿಪ್ರಾಯ ಕೇಳಲು ನಗರಸಭೆ ಕರೆದ ಮೊದಲ ಸಭೆಯಲ್ಲೇ ಎದ್ದು ನಿಂತು ತನ್ನ ಕಷ್ಟವನ್ನೆಲ್ಲ ಹೇಳಿಕೊಂಡಳು. ಅಂಗಡಿಯವರೆಲ್ಲ ನೆಲ ನೋಡುತ್ತ ಕೂತರು.

"ಇಲ್ಲಿ ಯಾರೂ ತಮ್ಮ ಮಾತು ತಾವೇ ಆಡಲ್ಲಮ್ಮ," ಎಂದ ಪಕ್ಕದ ಕ್ಷೌರದವನು, ಮರುದಿನ ಕತ್ತಿ ಮಸೆಯುತ್ತ. "ಎದುರಂಗಡಿಯವರು ಆಡ್ತಾರೆ. ಅವರ ಮಾತು ನಾವು ಆಡ್ತೀವಿ. ನಮ್ಮಪ್ಪನ ಕಾಲದಿಂದ ಹೀಗೇ."

"ಯಾಕೆ ಹಾಗೆ?"

"ನನ್ನ ಕಷ್ಟ ನಾನೇ ಹೇಳಿದ್ರೆ ಉಪ್ಪು ಖಾರ ಹಚ್ಚಿ ಹೇಳ್ತೀನಲ್ಲ, ಅದಕ್ಕೆ. ಸಭೆಗೆ ಮುಂಚೆ ಎದುರಿನವರ ಹತ್ರ ಹೋಗಿ ಕೇಳಬೇಕು. ಕೇಳಿದ್ದಕ್ಕೆ ಅವರು ನಿಜ ಹೇಳ್ಬೇಕು, ಕೇಳದೇ ಇದ್ದದ್ದನ್ನ ಅವರಾಗೇ ಹೇಳೋ ಹಾಗಿಲ್ಲ."

"ಅವರಿಗೆ ಬೇಕಾಗಿರೋದು ನಮಗೆ ಬೇಡದ್ದೇ ಆದ್ರೆ?"

"ಆವಾಗಲೇ ಇರೋದು ಮಜಾ," ಎಂದು ಅವನು ಕತ್ತಿಯ ಅಲಗನ್ನು ಬೆಳಕಿಗೆ ಹಿಡಿದ.

ಅವಳ ಎದುರಿನವನು ಗಡಿಯಾರ ರಿಪೇರಿಯ ಮುದುಕ. ಮಾತು ಕಡಿಮೆ. ಆದರೂ ಒಂದು ಮಧ್ಯಾಹ್ನ ತಾನಾಗಿ ಬಂದು ಸ್ಟೂಲಿನ ಮೇಲೆ ಕೂತು, ಗಾಜು ಕೊಯ್ಯುವುದು ಹೇಗೆ ಎಂಬಲ್ಲಿಂದ ಹಿಡಿದು ತಮ್ಮನ ಮಕ್ಕಳ ಓದಿನ ತನಕ ಎಲ್ಲ ಕೇಳಿಕೊಂಡು ಹೋದ. ಯಾರಾದರೂ ತನ್ನನ್ನೇ ಹೀಗೆ ಕೆದಕಿ ಎಷ್ಟು ಕಾಲವಾಯಿತೋ ಎಂದು ಅವಳಿಗೆ ಖುಷಿಯಾಯಿತು.

ಅವಳ ಸರದಿ ಬಂತು. ಅವನ ಅಂಗಡಿಯಲ್ಲಿ ಕೇಳಿದ್ದಕ್ಕೆಲ್ಲ ಸಪ್ಪೆ ಉತ್ತರ: ವ್ಯಾಪಾರ ಪರವಾಗಿಲ್ಲ, ಹಳೇ ಗಿರಾಕಿಗಳಿದ್ದಾರೆ, ಬಸ್ಸು ಎಲ್ಲಿ ನಿಂತರೂ ಬರುತ್ತಾರೆ. ಸದ್ಯ, ಇಷ್ಟೇ ಹೇಳಿದರಾಯಿತು ಎಂದು ಅವಳು ಹೊರಡಲು ಎದ್ದಳು. ಅಷ್ಟರಲ್ಲಿ ಕಪಾಟಿನ ಮೂಲೆಯಲ್ಲಿದ್ದ ಊಟದ ತಟ್ಟೆಗಳು ಕಣ್ಣಿಗೆ ಬಿದ್ದವು. ಚಟ ಬಿಡಬೇಕಲ್ಲ.

"ಎರಡು ತಟ್ಟೆ ಯಾಕೆ?"

ಮುದುಕ ಕಣ್ಣಿನ ಭೂತಗನ್ನಡಿ ತೆಗೆದ. "ನಮ್ಮಕ್ಕ ಬರ್ತಾಳೆ. ದಿನಾ ಮಧ್ಯಾಹ್ನ ಬಸ್ಸಲ್ಲಿ ಊಟ ತರ್ತಾಳೆ, ಒಟ್ಟಿಗೆ ಉಣ್ತೀವಿ. ಕಣ್ಣು ಮುಕ್ಕಾಲು ಹೋಗಿದೆ."

"ಮತ್ತೆ ನಮ್ಮ ಬದಿ ಇಳಿದು ರಸ್ತೆ ಹೇಗೆ ದಾಟ್ತಾರೆ?"

"ಕಿವಿಗೊಟ್ಟು. ಹೋದ ತಿಂಗಳು ಒಂದು ಸ್ಕೂಟರ್ ತಗುಲಿತು."

"ನೀವು ಹೋಗಿ ಕರ್ಕೊಂಡು ಬರಬಾರದಾ?"

"ಕೈ ಹಿಡಿದ ದಿನವೇ ಬರೋದು ನಿಲ್ಲಿಸ್ತೀನಿ ಅಂದಿದ್ದಾಳೆ. ಹಟಮಾರಿ." ಅಷ್ಟು ಹೇಳಿ ಅವನು ಮತ್ತೆ ಗಡಿಯಾರದೊಳಗೆ ತಲೆ ಹಾಕಿದ. ಹೀಗೆ ಹೇಳು, ಹಾಗೆ ಹೇಳು ಎಂದು ಬೇಡಲಿಲ್ಲ. ವಾಪಸು ರಸ್ತೆ ದಾಟುವಾಗ ಅವಳಿಗೆ ತನ್ನ ನಾಲಿಗೆಯ ಮೇಲೆಯೇ ಸಿಟ್ಟು ಬಂತು. ಒಂದು ಪ್ರಶ್ನೆ ನುಂಗಿಕೊಂಡಿದ್ದರೆ ಏನಾಗುತ್ತಿತ್ತು?

ಎರಡನೇ ಸಭೆಯಲ್ಲಿ ಮುದುಕ ಮೊದಲು ಎದ್ದ. ಅವಳ ಗಾಜು, ಇಣುಕುವ ಜನ, ತಮ್ಮನ ಮನೆ, ಯಾವುದನ್ನೂ ಬಿಡಲಿಲ್ಲ, ಯಾವುದನ್ನೂ ಉಬ್ಬಿಸಲಿಲ್ಲ. "ಬಸ್ಸು ಹೋದ್ರೆ ಈಕೆ ಅಂಗಡಿ ಉಳಿಯಲ್ಲ. ಮೇಲಕ್ಕೇ ಓಡಲಿ," ಎಂದು ಕೂತ.

ನಗರಸಭೆಯ ಅಧಿಕಾರಿ ತಬ್ಬಿಬ್ಬಾದ. "ನಿಮ್ಮ ಬದಿಗೆ ಬರೋ ಬಸ್ಸನ್ನ ನೀವೇ ಬೇಡ ಅಂತೀರಲ್ಲ?"

ಸಭೆಯಲ್ಲಿ ಸಣ್ಣ ನಗು ಹರಿಯಿತು.

ಅವಳು ಎದ್ದಳು. ಹಳೇ ಗಿರಾಕಿಗಳ ಕತೆ ಹೇಳಿ ಕೂತರೆ ಸಾಕಿತ್ತು. ಅದೂ ಸುಳ್ಳಲ್ಲ. ಉಳಿದದ್ದು ಗೊತ್ತಿರುವುದು ಮುದುಕನೊಬ್ಬನಿಗೆ, ಅವನು ಬಾಯಿ ಬಿಡುವವನಲ್ಲ. ಅವಳು ಅವನ ಕಡೆ ನೋಡಿದಳು. ಅವನು ಅವಳತ್ತ ನೋಡುತ್ತಲೇ ಇರಲಿಲ್ಲ. ತನ್ನ ಮಾತು ಮುಗಿಯಿತೆಂದು ನೆಮ್ಮದಿಯಾಗಿ ಕೂತಿದ್ದ.

ಅವಳು ಮುದುಕನ ಅಕ್ಕನ ಕಣ್ಣಿನ ವಿಷಯ ಹೇಳಿದಳು. ಸ್ಕೂಟರಿನದನ್ನೂ, ಹಟವನ್ನೂ ಹೇಳಿದಳು. "ಬಸ್ಸು ಕೆಳಕ್ಕೆ ಓಡಲಿ. ಆ ಅಂಗಡಿ ಬಾಗಿಲಲ್ಲೇ ನಿಲ್ಲಲಿ," ಎಂದಳು.

"ಈಗಷ್ಟೇ ಅವರು ಹೇಳಿದ್ರಲ್ಲ, ನಿಮ್ಮ ಅಂಗಡಿ ಉಳಿಯಲ್ಲ ಅಂತ," ಎಂದ ಅಧಿಕಾರಿ. "ಗೊತ್ತಿದ್ದೂ ಹೀಗೆ ಹೇಳ್ತೀರಾ?"

"ಕೇಳಿದವಳು ನಾನೇ ಅಲ್ವಾ ಸ್ವಾಮಿ," ಎಂದಳು ಅವಳು. "ಕೇಳಿಸ್ಕೊಂಡ ಮೇಲೆ ಗೊತ್ತಿಲ್ಲ ಅನ್ನೋಕಾಗುತ್ತಾ?"

ಈ ಸಲ ಯಾರೂ ನೆಲ ನೋಡಲಿಲ್ಲ. ಅಧಿಕಾರಿ, ಹಾಗಾದರೆ ಕೆಳಕ್ಕೇ ಆಗಲಿ ಎಂದು ಬರೆದುಕೊಂಡ. ಅವಳು ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡು, ಅಂಗಡಿ ಹೋಯಿತೆಂಬ ಸಂಕಟಕ್ಕೆ ನಿಜವಾಗಿಯೇ ಅತ್ತಳು. ಕ್ಷೌರದವನು ಬೆಂಚಿನಲ್ಲಿ ಅವಳ ಹತ್ತಿರಕ್ಕೆ ಸರಿದು ಕೂತ.