ಕೇಳದೆ ಕತ್ತರಿಸಿದ ಮೂಲೆ

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ‘ಬಿಸಿನೀರು’ ಎಂದೇ ಕರೆಯುತ್ತಿದ್ದರು. ಹದಿನಾಲ್ಕು ವರ್ಷ ಆವಿ ತುಂಬಿದ ಅದೇ ನೆಲಮಾಳಿಗೆಯಲ್ಲಿ ಚಾದರ, ಡಾಕ್ಟರರ ಕೋಟು, ರೋಗಿಗಳ ಹೊದಿಕೆ ಒಗೆದವಳು. ಆದರೆ ಹೆಸರು ಬಂದದ್ದು ಕೆಲಸದಿಂದಲ್ಲ, ಮೂಗಿನ ತುದಿಯಲ್ಲೇ ಕೂತಿರುತ್ತಿದ್ದ ಸಿಟ್ಟಿನಿಂದ. ತಪ್ಪು ತನ್ನದಾದರೆ ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದಳು. ತನ್ನದಲ್ಲದಿದ್ದರೆ ಮೇಲ್ವಿಚಾರಕನ ಜನ್ಮ ಜಾಲಾಡಿಬಿಡುತ್ತಿದ್ದಳು.

ಉಣ್ಣೆಯ ಹುಚ್ಚು ಹತ್ತಿದ್ದು ಅವಳದೇ ಒಂದು ತಪ್ಪಿನಿಂದ. ಉಣ್ಣೆಯ ಹೊದಿಕೆಯೊಂದು ಚಾದರಗಳ ನಡುವೆ ಸೇರಿ ಕುದಿನೀರಿನ ಯಂತ್ರಕ್ಕೆ ಹೋಯಿತು. ಹೊರಗೆ ಬಂದಾಗ ಕಾಲೊರಸಿನಷ್ಟಾಗಿತ್ತು, ಹಲಗೆಯಂತೆ ದಪ್ಪವಾಗಿತ್ತು. ಬೈಗಳು ತಿಂದು ಅದನ್ನು ಮನೆಗೆ ತಂದಳು. ಎಳೆದು ನೋಡಿದರೆ ನೂಲೂ ಕಾಣದು, ನೇಯ್ಗೆಯೂ ಕಾಣದು. “ಇದು ಹೇಗೆ ಹೀಗಾಯ್ತು ಅತ್ತೆ?” ಎಂದು ಕೇಳಿದಳು. ಅತ್ತೆ ಮೂವತ್ತು ವರ್ಷ ದರ್ಜಿ ಕೆಲಸ ಮಾಡಿದವರು. ಅದನ್ನು ಬೆಳಕಿಗೆ ಹಿಡಿದು, “ಇದಕ್ಕೆ ಅಂಚು ಮಡಚೋ ಕೆಲಸವೇ ಇಲ್ಲವಲ್ಲೇ. ಎಲ್ಲಿ ಕತ್ತರಿಸಿದ್ರೂ ಎಳೆ ಬಿಡಲ್ಲ” ಎಂದರು. ಇಬ್ಬರ ಕಣ್ಣೂ ಒಟ್ಟಿಗೇ ಅರಳಿದವು.

ಫೆಲ್ಟ್ ಎಂಬ ಹೆಸರು ಗೊತ್ತಾದದ್ದು ಆಮೇಲೆ. ಹಿಂಜಿದ ಉಣ್ಣೆಯನ್ನು ಪದರ ಪದರವಾಗಿ ಹರಡಿ, ಬಿಸಿ ಸೋಪುನೀರು ಚಿಮುಕಿಸಿ, ಉಜ್ಜಿ, ಚಾಪೆಯಲ್ಲಿ ಸುತ್ತಿ ಉರುಳಿಸುತ್ತ ಹೋದರೆ ಎಳೆಗಳು ಒಂದನ್ನೊಂದು ಕಚ್ಚಿಕೊಂಡು ಬಟ್ಟೆಯಾಗುತ್ತವೆ. ಕೇಳಲು ಇಷ್ಟೇ. ಮಾಡಹೊರಟರೆ ನೂರೆಂಟು ತಕರಾರು.

ಅವಳಿಗೆ ಸಿಗುತ್ತಿದ್ದುದು ಚರ್ಮದ ಮಂಡಿಯವರು ಹಿತ್ತಲಲ್ಲಿ ಗುಡ್ಡೆ ಹಾಕುತ್ತಿದ್ದ ಉಣ್ಣೆ. ಮುದಿ ಕುರಿಗಳದು, ಪೊರಕೆ ಕಡ್ಡಿಯಷ್ಟು ಬಿರುಸು. ಅದು ಕಚ್ಚುವುದೇ ಇಲ್ಲ ಎಂದು ಬಲ್ಲವರೆಲ್ಲ ಹೇಳಿದ್ದರು. ಮರಿಯ ಮೊದಲ ಸಲದ ಉಣ್ಣೆಯಾದರೆ ನೀರು ತಾಕಿದ್ದೇ ತಡ, ಕೂಡಿಕೊಳ್ಳುತ್ತದೆ. ಆದರೆ ಬರೀ ಅದರಿಂದ ಮಾಡಿದ ಹಾಸು ವಾರದೊಳಗೆ ಗುಂಜು ಗುಂಜಾಗಿ ಎದ್ದು ನಿಲ್ಲುತ್ತದೆ. ಮೃದುವಿನಿಂದ ಒರಟನ್ನು ಕಟ್ಟಿಹಾಕುವುದು ಹೇಗೆ? ಎರಡು ವರ್ಷ ರಜೆಯ ದಿನಗಳೆಲ್ಲ ಇದಕ್ಕೇ ಹೋದವು. ಬಟ್ಟೆ ಸೋಪು ಹಾಕಿದರೆ ಉಣ್ಣೆ ಹಳದಿಯಾಯಿತು, ಸ್ನಾನದ ಸೋಪು ತುರಿದು ಹಾಕಿದಳು. ಎರಡೂ ಉಣ್ಣೆಯನ್ನು ಬೆರೆಸಿ ಹಿಂಜಿದರೆ ಗಂಟಾಯಿತು. ಒರಟನ್ನು ಮೇಲಿಟ್ಟರೆ ಕೂದಲು ಉದುರಿತು. ಸೋತ ತುಂಡುಗಳು ಬಿಸಿ ಪಾತ್ರೆ ಹಿಡಿಯಲು ಬಂದವು, ಕಿಟಕಿಯ ಸಂದಿಗೆ ಹೋದವು, ಬಸ್ಸು ಓಡಿಸುವ ಗಂಡನ ಸೀಟಿನ ಮೇಲೂ ಒಂದು ಕೂತಿತು. “ಈ ಮನೇಲಿ ಇನ್ನು ಕುರಿ ಮೇಯೋದೊಂದು ಬಾಕಿ” ಎಂದು ಅವನು ನಗುತ್ತಿದ್ದ.

ಕೊನೆಗೆ ದಾರಿ ಸಿಕ್ಕಿತು. ಒರಟಿನ ಮೂರು ಪದರ ನಡುವೆ, ಮರಿ ಉಣ್ಣೆಯ ಒಂದೊಂದೇ ತೆಳು ಪದರ ಮೇಲೆ ಕೆಳಗೆ, ಪ್ರತಿ ಪದರವೂ ಹಿಂದಿನದಕ್ಕೆ ಅಡ್ಡ. ಮೊದಲು ಉಗುರುಬೆಚ್ಚನೆ ನೀರಲ್ಲಿ ಬರೀ ತಟ್ಟುವುದು, ಆಮೇಲೆ ಬಿಸಿ, ಆಮೇಲೆ ತಣ್ಣೀರು, ಮತ್ತೆ ಬಿಸಿ. ಮೃದು ಎಳೆಗಳು ಒರಟಿನೊಳಗೆ ತೂರಿ ಆಚೆ ಬದಿಯ ಎಳೆಗಳ ಕೈಹಿಡಿದುಬಿಟ್ಟವು. ಉರುಳಿಸುವ ಕೆಲಸ ಮಾತ್ರ ಅತ್ತೆಯದು. ಗಂಟುನೋವಿಗೆ ಅವರ ಬೆರಳು ಸೊಟ್ಟಗಾಗಿದ್ದವು. ಆದರೆ ಹೊಲಿಗೆ ಮೆಷಿನ್ ತುಳಿದ ಕಾಲು ಗಟ್ಟಿಯಾಗಿದ್ದವು. ಹಿತ್ತಲಲ್ಲಿ ಕುರ್ಚಿ ಹಾಕಿ ಕೂತು, ಚಾಪೆಯ ಸುರುಳಿಯನ್ನು ಪಾದದಡಿ ಹಿಂದೆ ಮುಂದೆ ಉರುಳಿಸುತ್ತಿದ್ದರು, ಒಂದೇ ಲಯ, ಒಂದೇ ಭಾರ. ಸೊಸೆಯ ಕೈಗೆ ಆ ಸಮತೂಕ ಯಾವತ್ತೂ ಬರಲಿಲ್ಲ.

ಹಾಗೆ ಹುಟ್ಟಿದ್ದು ಬಾಗಿಲಗಲದ ಒಂದು ಹಾಸು. ಬಣ್ಣ ಹಾಕಿರಲಿಲ್ಲ. ಕುರಿಯ ಮೈಯ ಕಪ್ಪೇ ಕಂದಾಗಿ, ಕಂದು ಬೂದಾಗಿ ಹರಿದಿತ್ತು. ನಡುವೆ ಬೆರಳು ದಪ್ಪ, ಅಂಚಿಗೆ ಬರುತ್ತ ಬರುತ್ತ ಒಂದೇ ಸಮನೆ ಇಳಿದು ಕಾಗದದಷ್ಟು ತೆಳು. ಅತ್ತೆಯೇ ಹಟ ಹಿಡಿದು ಅದನ್ನು ಕರಕುಶಲ ಸಂಘದ ವರ್ಷದ ಪ್ರದರ್ಶನಕ್ಕೆ ಕಳಿಸಿಕೊಟ್ಟರು. ಅರ್ಜಿಯಲ್ಲಿ ಉದ್ಯೋಗ ಎಂದಿದ್ದಲ್ಲಿ ಅವಳು ‘ಆಸ್ಪತ್ರೆ ಲಾಂಡ್ರಿ’ ಎಂದು ಬರೆದಳು.

ಹತ್ತು ದಿನದ ನಂತರ ಸಂಘದಿಂದ ಫೋನು. ನಿಮ್ಮ ವಸ್ತು ತೆಗೆದುಕೊಂಡು ಹೋಗಿ.

ಅವಳು ಅರ್ಧ ದಿನ ರಜೆ ಹಾಕಿ ಹೋದಳು. ಕಚೇರಿಯ ಮೂಲೆಯಲ್ಲಿ ಹಾಸು ನಾಲ್ಕು ಮಡಿಕೆಯಾಗಿ ಬಿದ್ದಿತ್ತು. ‘ಸುತ್ತಿಡಿ, ಮಡಚಬೇಡಿ’ ಎಂದು ಅವಳು ಕಟ್ಟಿ ಕಳಿಸಿದ್ದ ಚೀಟಿ ಇನ್ನೂ ಅದಕ್ಕೇ ನೇತಾಡುತ್ತಿತ್ತು. ಬಿಡಿಸಿದಳು. ಬಲಗಡೆ ಕೆಳಗಿನ ಮೂಲೆ ಇರಲಿಲ್ಲ. ಅಂಗೈಯಗಲದಷ್ಟು, ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದ್ದರು.

ಕಾರ್ಯದರ್ಶಿ ಮೇಡಂ ಕಾಗದಗಳನ್ನು ಅತ್ತಿತ್ತ ಜರುಗಿಸುತ್ತ ಹೇಳಿದರು:

“ಪರೀಕ್ಷಕರಿಗೆ ಅನುಮಾನ ಬಂತಮ್ಮ. ಇಷ್ಟು ಸಮ ಇದೆ, ಕಾರ್ಖಾನೆ ಮಾಲಿರಬೇಕು, ಉಣ್ಣೆ ಅಲ್ಲದೇನೂ ಇರಬಹುದು ಅಂದ್ರು. ಉಣ್ಣೆಯಾದ್ರೆ ಕೂದಲು ಸುಟ್ಟ ವಾಸನೆ ಬರುತ್ತಲ್ಲ, ಸುಟ್ಟು ನೋಡಿದ್ರು.”

“ಏನು ಗೊತ್ತಾಯ್ತು?”

“ಉಣ್ಣೆಯೇ.”

“ಮತ್ತೆ ಗೋಡೆಗೆ ಹಾಕೋದು ಬಿಟ್ಟು ನನ್ನನ್ಯಾಕೆ ಕರೆದ್ರಿ?”

ಮೇಡಂ ಕನ್ನಡಕ ತೆಗೆದು ಒರೆಸಿದರು. “ನಿಯಮ ಇದೆ. ಊನ ಆಗಿರೋ ವಸ್ತು ಪ್ರದರ್ಶನಕ್ಕೆ ಇಡೋ ಹಾಗಿಲ್ಲ.”

ಬಿಸಿನೀರು ಉಕ್ಕಿತು. “ಊನ ಮಾಡಿದ್ದು ಯಾರು? ನೀವೇ ಕತ್ತರಿಸಿ, ನೀವೇ ಊನ ಅಂತೀರಾ? ಸುಟ್ಟು ನೋಡೋಕೆ ನಾಲ್ಕು ಎಳೆ ಸಾಕು ಮೇಡಂ. ಅಂಚಿಂದ ಚಿವುಟಿದ್ರೆ ನಂಗೂ ಗೊತ್ತಾಗ್ತಿರಲಿಲ್ಲ. ಅಂಗೈಯಷ್ಟು ಯಾಕೆ ಬೇಕಿತ್ತು? ಒಂದು ಫೋನ್ ಮಾಡಿ ಕೇಳೋಕೆ ಬಾಯಿ ಸತ್ತಿತ್ತಾ?”

ಗದ್ದಲ ಕೇಳಿ ಒಳಗಿನ ಕೋಣೆಯಿಂದ ಪರೀಕ್ಷಕರು ಬಂದರು. ಇಸ್ತ್ರಿ ಮುರಿಯದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ದೊಡ್ಡ ಕಲಾಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಅವರು ಹಾಸಿನ ಕಡೆ ನೋಡದೆ ಅವಳ ಚಪ್ಪಲಿ ನೋಡಿದರು.

“ನೋಡಮ್ಮ, ಉಣ್ಣೆ ಅಂತ ಗೊತ್ತಾಯ್ತು, ಸರಿ. ಕೈಕೆಲಸ ಅಂತ ಎಲ್ಲಿ ಗೊತ್ತಾಯ್ತು? ನೀವಿರೋದು ಲಾಂಡ್ರಿಯಲ್ಲಿ. ಅಲ್ಲಿ ದೊಡ್ಡ ದೊಡ್ಡ ಯಂತ್ರ ಇರುತ್ತೆ. ಬೇಕಾದ್ರೆ ನಮ್ಮೆದುರು ಕೂತು ಮಾಡಿ ತೋರಿಸಿ, ಆಮೇಲೆ ಯೋಚನೆ ಮಾಡೋಣ.”

“ಒಳಗೆ ಇನ್ನೂ ಮೂವತ್ತು ಜನರ ಕೆಲಸ ನೇತುಹಾಕಿದ್ದೀರಲ್ಲ ಸಾರ್. ಅವರೂ ಬಂದು ಮಾಡಿ ತೋರಿಸಿದ್ರಾ?”

“ಅವರ ಮೇಲೆ ಅನುಮಾನ ಬರಲಿಲ್ಲ.”

“ಅವರ ಅರ್ಜೀಲಿ ಲಾಂಡ್ರಿ ಅಂತ ಬರೆದಿರಲಿಲ್ಲ” ಎಂದಳು ಅವಳು. ದನಿ ನಡುಗಿತು. ಅಳು ಎಂದು ಅವರು ತಿಳಿದಾರು ಎಂಬ ಸಿಟ್ಟು ಇನ್ನೊಂದು. “ನಾನು ಮಾಡಿ ತೋರಿಸಲ್ಲ. ಕಳ್ಳಿ ಅಂತ ಕರೆದವರ ಮುಂದೆ ಕೈ ತೊಳೆದು ತೋರಿಸೋ ಗ್ರಹಚಾರ ನಂಗೆ ಬಂದಿಲ್ಲ.”

ಹಾಸನ್ನು ಸುತ್ತಿ ಹೆಗಲ ಮೇಲೆ ಹಾಕಿಕೊಂಡು ಮನೆಗೆ ಬಂದಳು. ಬಸ್ಸಿನಲ್ಲಿ ಅದಕ್ಕೆ ಜಾಗ ಸಾಲದೆ ಬೇರೆಯವರಿಂದಲೂ ಬೈಸಿಕೊಂಡಳು.

ಅತ್ತೆ ಮೂಲೆಯನ್ನು ಸೊಟ್ಟ ಬೆರಳಿಂದ ಸವರಿ ನೋಡಿದರು. ಅವರ ಕಣ್ಣಿಗೆ ಕತ್ತರಿಯ ಗುರುತು ಚೆನ್ನಾಗಿ ಗೊತ್ತು. “ಮೊಂಡು ಕತ್ತರಿ. ಎರಡು ಸಲ ಹಾಕಿದ್ದಾರೆ” ಎಂದರು.

ಗಂಡ ಸಮಾಧಾನ ಹೇಳಹೋದ. “ಹೋಗ್ಲಿ ಬಿಡೇ. ದೊಡ್ಡವರ ಸಹವಾಸ ನಮಗ್ಯಾಕೆ? ಮೂಲೆಗೆ ಒಂದು ತೇಪೆ ಹಾಕಿ ನಮ್ಮ ಗೋಡೆಗೇ ಹಾಕ್ಕೊಳ್ಳೋಣ.”

“ತೇಪೆ?” ಅತ್ತೆ ಮಗನ ಕಡೆ ತಿರುಗಿದರು. “ಇಷ್ಟು ಗಟ್ಟಿಯಾದ ಮೇಲೆ ಅದು ಹೊಸ ಉಣ್ಣೇನ ಸೇರಿಸಿಕೊಳ್ಳಲ್ಲ ಕಣೋ. ಕಿವಿ ಕೊಯ್ದವನು ಗೋಂದು ಕೊಟ್ಟ ಹಾಗಾಯ್ತು ನಿನ್ನ ಮಾತು. ಭಾನುವಾರ ಪ್ರದರ್ಶನ ಶುರು ಅಲ್ವಾ? ನಿನ್ನ ರಜೆ ಯಾವತ್ತು?”

“ಭಾನುವಾರವೇ.”

“ಹಾಗಾದ್ರೆ ನೀನೇ ನಮ್ಮಿಬ್ಬರನ್ನ ಅಲ್ಲಿಗೆ ಕರ್ಕೊಂಡು ಹೋಗು.”

ಭಾನುವಾರ ಬೆಳಿಗ್ಗೆ ಸಂಘದ ಕಟ್ಟಡದ ಎದುರಿನ ಅಗಲ ಮೆಟ್ಟಿಲ ಮೇಲೆ ಅವರು ಹಾಸನ್ನು ಬಿಡಿಸಿ ಹರಡಿದರು. ಯಾರಿಗೂ ಅಡ್ಡಿಯಾಗದಂತೆ, ಆದರೆ ಎಲ್ಲರಿಗೂ ಕಾಣುವಂತೆ. ಕತ್ತರಿಸಿದ ಮೂಲೆ ಬಾಗಿಲ ಕಡೆಗಿತ್ತು. ಪಕ್ಕದಲ್ಲಿ ರಟ್ಟಿನ ಹಲಗೆ. ಅದರಲ್ಲಿ ಬಿಸಿನೀರಿನ ದಪ್ಪ ಅಕ್ಷರ: ‘ಇದನ್ನು ನನ್ನನ್ನು ಕೇಳದೆ ಕತ್ತರಿಸಿದವರು ಪರೀಕ್ಷಕರು. ಕಾರಣ, ನಾನು ಲಾಂಡ್ರಿಯವಳು. ಸುಟ್ಟಾಗ ಸಿಕ್ಕಿದ ಉತ್ತರ, ಉಣ್ಣೆ. ಈಗ ಊನ ಎಂದು ಹೊರಗಿಟ್ಟಿದ್ದಾರೆ.’

ಮೊದಲು ಬಂದವರು ಓದಿ ಕಣ್ಣು ತಪ್ಪಿಸಿ ಒಳಹೋದರು. ಆಮೇಲೆ ಒಬ್ಬ ಹೆಂಗಸು ನಿಂತಳು. ಕೈ ನೋಡಿದರೆ ನೇಕಾರಳೆಂದು ಗೊತ್ತಾಗುತ್ತಿತ್ತು. ಬಗ್ಗಿ ಅಂಚು ಮುಟ್ಟಿ, “ಈ ಒರಟು ಉಣ್ಣೆ ಕಚ್ಚಿದೆಯಲ್ಲ! ಹೇಗೆ?” ಎಂದಳು. ಅವಳ ಬೆನ್ನ ಹಿಂದೆ ಇನ್ನಿಬ್ಬರು ನಿಂತರು. ಅರ್ಧ ಗಂಟೆಯಲ್ಲಿ ಒಳಗಿಗಿಂತ ಹೊರಗೇ ಜನ ಜಾಸ್ತಿಯಾದರು. ಬಿಸಿನೀರು ಪದರಗಳ ಲೆಕ್ಕ ಹೇಳುತ್ತ, ತಂದಿದ್ದ ಚೀಲದಿಂದ ಸೋತ ತುಂಡುಗಳನ್ನು ತೆಗೆದು ಕೈಗೆ ಕೊಡುತ್ತ, ಯಾವುದು ಯಾಕೆ ಕೆಟ್ಟಿತು ಎಂದು ವಿವರಿಸುತ್ತಿದ್ದಳು. ಪರೀಕ್ಷಕರಿಗೆ ತೋರಿಸಲಾರೆ ಎಂದವಳಿಗೆ ಕೇಳಿದವರಿಗೆ ಹೇಳಲು ಏನೂ ಅಡ್ಡಿಯಿರಲಿಲ್ಲ.

ಕಾರ್ಯದರ್ಶಿ ಮೇಡಂ ಓಡಿಬಂದರು. “ಏನಮ್ಮ ಇದು, ಸಂಘದ ಮಾನ ತೆಗೀತಾ ಇದ್ದೀರಲ್ಲ!”

“ಹಲಗೆ ಮೇಲೆ ಸುಳ್ಳೇನಾದ್ರೂ ಇದ್ರೆ ಹೇಳಿ, ಈಗಲೇ ಅಳಿಸ್ತೀನಿ.”

ಮೇಡಂ ಓದಿದರು. ಅಳಿಸುವಂಥದ್ದು ಏನೂ ಸಿಗಲಿಲ್ಲ.

ಹಿಂದೆಯೇ ಬಂದ ಪರೀಕ್ಷಕರು ಜನರ ಕಡೆ ತಿರುಗಿ, ಪಾಠದ ದನಿಯಲ್ಲಿ ಶುರು ಮಾಡಿದರು: “ದಯವಿಟ್ಟು ಅರ್ಥ ಮಾಡಿಕೊಳ್ಳಿ. ಇಷ್ಟು ದೊಡ್ಡ ಹಾಸಿನಲ್ಲಿ ಇಷ್ಟು ಸಮನಾದ ಒತ್ತಡ ಕೈಯಿಂದ ಬರೋದು ಸಾಧ್ಯವೇ ಇಲ್ಲ. ಯಂತ್ರ ಇರಲೇಬೇಕು.”

ಮೆಟ್ಟಿಲ ಮೇಲೆ ಕೂತಿದ್ದ ಅತ್ತೆ ಎದ್ದರು. ಮಗನ ಭುಜ ಹಿಡಿದು ಒಂದು ಚಪ್ಪಲಿ ಕಳಚಿ, ಬಿರುಕುಬಿಟ್ಟ ಅಗಲ ಪಾದವನ್ನು ಮುಂದೆ ಚಾಚಿದರು.

“ನೀವು ಹೇಳಿದ್ದು ಸರಿ ಸ್ವಾಮಿ. ಕೈಯಿಂದ ಬಂದಿದ್ದಲ್ಲ. ನಾನೇ ಆ ಮೆಷಿನ್ನು. ಮೂವತ್ತು ವರ್ಷ ಊರಿನ ಬಟ್ಟೆ ಹೊಲಿದ ಕಾಲು ಇದು. ಕತ್ತರಿ ಹಾಕೋ ಮುಂಚೆ ಬಂದು ಕೇಳಿದ್ರೆ, ಕೂರಿಸಿ, ಟೀ ಕೊಟ್ಟು, ತುಳಿದು ತೋರಿಸ್ತಿದ್ದೆ. ಈಗ ತೋರಿಸಲ್ಲ.”

ನೇಕಾರಳು ಜೋರಾಗಿ ನಕ್ಕಳು. ನಗು ಮೆಟ್ಟಿಲುಗಳ ಉದ್ದಕ್ಕೂ ಹಬ್ಬಿತು. ಪರೀಕ್ಷಕರು ಏನೋ ಹೇಳಲು ಬಾಯಿ ತೆರೆದರು. ಆದರೆ ಕೇಳುವವರು ಯಾರೂ ಇರಲಿಲ್ಲ, ಎಲ್ಲರೂ ಅತ್ತೆಯ ಸುತ್ತ ಸೇರಿದ್ದರು. ಪರೀಕ್ಷಕರು ಹೊರಟುಹೋದರು. ಕ್ಷಮಿಸಿ ಎನ್ನಲಿಲ್ಲ.

ಮೇಡಂ ಬಗ್ಗಿ ಕತ್ತರಿಸಿದ ಮೂಲೆ ಮುಟ್ಟಿ ನೋಡಿದರು. ಆಮೇಲೆ ದನಿ ತಗ್ಗಿಸಿ, “ಒಳಗೆ ಎದುರಿನ ಗೋಡೆ ಖಾಲಿ ಇದೆ. ಕತ್ತರಿಸಿದ ಮೂಲೆ ಒಳಮುಖ ಮಡಚಿ ಹಾಕೋಣವಾ?” ಎಂದರು.

“ಮಡಚೋ ಹಾಗಿಲ್ಲ. ಹಾಕೋದಾದ್ರೆ ಮೂಲೆ ಕಾಣಬೇಕು, ಹಲಗೆನೂ ಪಕ್ಕದಲ್ಲಿರಬೇಕು.”

ಹಾಗೆಯೇ ಹಾಕಿದರು. ಬಹುಮಾನ ಬರಲಿಲ್ಲ, ಅದು ಮೊದಲೇ ಬೇರೆಯವರ ಪಾಲಾಗಿತ್ತು. ಪ್ರದರ್ಶನ ಮುಗಿದ ವಾರ ಸಂಘದಿಂದ ಪತ್ರ ಬಂತು: ‘ತಮ್ಮ ವಸ್ತುವಿಗೆ ಅಚಾತುರ್ಯದಿಂದ ಹಾನಿ ಉಂಟಾಗಿರುವುದಕ್ಕೆ ವಿಷಾದಿಸಲಾಗಿದೆ.’

ಬಿಸಿನೀರು ಎರಡು ಸಲ ಓದಿದಳು. ಹಾನಿ ಉಂಟಾಗಿದೆಯಂತೆ, ವಿಷಾದಿಸಲಾಗಿದೆಯಂತೆ! ಮಾಡಿದವರು ಎಲ್ಲೂ ಇಲ್ಲ. ಅದೇ ಹಾಳೆಯ ಕೆಳಗೆ ‘ಕತ್ತರಿ ತಾನಾಗೇ ನಡೆದು ಬರುವುದಿಲ್ಲ’ ಎಂದು ಬರೆದು ವಾಪಸು ಕಳಿಸಿದಳು. ಗಂಡ ತಲೆ ಚಚ್ಚಿಕೊಂಡ. ಹದಿನೈದು ದಿನಕ್ಕೆ ಇನ್ನೊಂದು ಪತ್ರ ಬಂತು, ಈ ಸಲ ಮೇಡಂ ಅವರ ಕೈಬರಹ: ‘ನಿಮ್ಮನ್ನು ಕೇಳದೆ ನಾವು ಕತ್ತರಿಸಿದೆವು. ತಪ್ಪು ನಮ್ಮದು.’ ಕೆಳಗೆ ಮೇಡಂ ಒಬ್ಬರದೇ ಸಹಿ. ಪರೀಕ್ಷಕರದಿರಲಿಲ್ಲ.

“ಸಾಕಾ?” ಎಂದರು ಅತ್ತೆ.

“ಇಲ್ಲ” ಎಂದಳು ಸೊಸೆ. “ಅರ್ಧ ಸಿಟ್ಟು ಹಾಗೇ ಇದೆ.”

“ಇರ್ಲಿ ಬಿಡು, ಒಳ್ಳೇದೇ. ಪೂರ್ತಿ ತಣ್ಣಗಾದವರನ್ನ ಎಲ್ಲರೂ ತುಳೀತಾರೆ.”

ಮುಂದಿನ ರಜೆಯ ದಿನ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಆ ನೇಕಾರಳು ಬಂದಿದ್ದಳು. ಜೊತೆಗೆ ಇನ್ನೂ ಮೂವರು ಹೆಂಗಸರು, ಒಬ್ಬೊಬ್ಬರ ಕಂಕುಳಲ್ಲೂ ಯಾರಿಗೂ ಬೇಡವಾದ ಉಣ್ಣೆಯ ಒಂದೊಂದು ಗಂಟು. ಹಿತ್ತಲಲ್ಲಿ ಕೂರಲು ಜಾಗ ಸಾಲದೆ, ಗಂಡ ಗೊಣಗುತ್ತಲೇ ಅಲ್ಲಿದ್ದ ಹಳೇ ಸಾಮಾನನ್ನೆಲ್ಲ ಒಳಗೆ ಹೊರತೊಡಗಿದ.